ನನ್ನ ಹಳೆಯ ಕಾರಿಗೆ ವಿನಾಯಿತಿ ಬೇಡ

ಕಳೆದ ತಿಂಗಳು ಉಪ್ಪಳದ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಹೊರಗೆ ಬಂದರೆ ಹಾಲ್‌ನ ಅಂಗಳದಲ್ಲಿ ಹಳೆ ಗಾಡಿಗಳ ಸಾಲು. ಎರಡು ಮಹೀಂದ್ರಾ ಜೀಪು, ಒಂದು ಅಂಬಾಸಿಡರ್, ನಾಲ್ಕೈದು ಆರ್‌ಎಕ್ಸ್ 100, ಕೊನೆಗೆ ನನ್ನ ಪ್ರೀಮಿಯರ್ ಪದ್ಮಿನಿ. ಮದುಮಗನ ಗೆಳೆಯರೆಲ್ಲ ಹಳೆ ಗಾಡಿಯ ಹುಚ್ಚು ಹಿಡಿದವರು. ಅವರಲ್ಲೊಬ್ಬ ನನ್ನ ಕೈಗೆ ಕಾಗದ ಕೊಟ್ಟು, "ಕಾಕ, ಇದಕ್ಕೊಂದು ಸೈನ್ ಹಾಕಿ" ಎಂದ. ಹವ್ಯಾಸಕ್ಕಾಗಿ ಇಟ್ಟುಕೊಂಡ, ಮೂವತ್ತು ವರ್ಷ ದಾಟಿದ ಖಾಸಗಿ ವಾಹನಗಳಿಗೆ ಹೊಗೆ ಟೆಸ್ಟ್‌ನಿಂದ ವಿನಾಯಿತಿ ಕೊಡಬೇಕೆಂದು ಸರಕಾರಕ್ಕೆ ಮನವಿ. ಇಪ್ಪತ್ತಕ್ಕೂ ಹೆಚ್ಚು ಸಹಿ ಆಗಲೇ ಬಿದ್ದಿತ್ತು. ನಾನು ಹಾಕಲಿಲ್ಲ. "ನಿಮ್ಮದೇ ನಲ್ವತ್ತು ವರ್ಷದ ಗಾಡಿ, ನೀವೇ ಹೀಗೆ ಮಾಡಿದರೆ ಹೇಗೆ?" ಎಂದು ಹುಡುಗ ಮುಖ ಸಣ್ಣದು ಮಾಡಿಕೊಂಡ. ಮದುವೆಯ ದಿನ ವಾದ ಬೇಡವೆಂದು ಅಲ್ಲಿ ಸುಮ್ಮನಾದೆ. ಇಲ್ಲಿ ಸುಮ್ಮನಿರುವುದಿಲ್ಲ.

ಹಳೆ ಗಾಡಿಗಳ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪದ್ಮಿನಿ 1986ರ ಮಾಡೆಲ್. ಉಪ್ಪ ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡದ್ದು ಅಂಗಡಿಗೆ ಸಾಮಾನು ತರಲು. ವಾರಕ್ಕೆರಡು ಸಲ ಮಂಗಳೂರಿನ ಬಂದರಿಗೆ ಹೋಗಿ, ಹಿಂದಿನ ಸೀಟು ಕಳಚಿಟ್ಟ ಜಾಗದಲ್ಲಿ ಈರುಳ್ಳಿ, ಒಣಮೆಣಸು, ಬೆಲ್ಲ ತುಂಬಿಸಿ ತರುತ್ತಿದ್ದರು. ಊರವರಿಗೆ ಅದು ಪದ್ಮಿನಿ ಅಲ್ಲ, ಫಿಯೆಟ್. ನಾನು ಡಿಪ್ಲೊಮಾಕ್ಕೆ ಮೆಕ್ಯಾನಿಕಲ್ ತೆಗೆದುಕೊಂಡದ್ದೇ ಅದರ ಬಾನೆಟ್ ಎತ್ತಿ ನೋಡಿ ನೋಡಿ. ಸ್ಟೀರಿಂಗ್ ಬದಿಯಲ್ಲಿ ಗೇರು, 1089 ಸಿಸಿ ಇಂಜಿನ್. ಒಂದು ಸ್ಪ್ಯಾನರ್ ಸೆಟ್, ಒಂದು ಸ್ಕ್ರೂಡ್ರೈವರ್ ಇದ್ದರೆ ಮುಕ್ಕಾಲು ಪಾಲು ರಿಪೇರಿ ದಾರಿಬದಿಯಲ್ಲೇ ಆಗಿಬಿಡುತ್ತದೆ. ಅದನ್ನು ಗುಜರಿಗೆ ಕೊಡುವ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. (ನಮ್ಮವರಲ್ಲೇ ಗುಜರಿ ವ್ಯಾಪಾರದವರು ಬಹಳ ಮಂದಿ ಇದ್ದಾರೆ, ಸಿಟ್ಟಾಗಬೇಡಿ.)

ಆದರೆ ನಾವು ಯಾವುದರಿಂದ ವಿನಾಯಿತಿ ಕೇಳುತ್ತಿದ್ದೇವೆ ಎಂಬುದು ಸಹಿ ಹಾಕಿದವರಿಗೆ ಗೊತ್ತಿದೆಯೇ ಎಂದು ನನಗೆ ಸಂಶಯ. ಪಿಯುಸಿ ಟೆಸ್ಟ್‌ನಲ್ಲಿ ಪೆಟ್ರೋಲ್ ಗಾಡಿಯ ಇಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ನಿಲ್ಲಿಸಿ, ಸೈಲೆನ್ಸರ್ ಪೈಪಿನೊಳಗೆ ಒಂದು ಅಡಿಯಷ್ಟು ಆಳಕ್ಕೆ ಪ್ರೋಬ್ ಇಳಿಸಿ, ಹೊರಬರುವ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟು, ಉರಿಯದ ಪೆಟ್ರೋಲಿನ ಅಂಶ ಎಷ್ಟು ಎಂದು ನೋಡುತ್ತಾರೆ. ಭಾರತ್ ಸ್ಟೇಜ್ 4ರ ಕಾರಿಗೆ ಮೊನಾಕ್ಸೈಡ್ ಶೇ. 0.3 ದಾಟಬಾರದು. ನಮ್ಮ ಪದ್ಮಿನಿಯಂಥ ಹಳೆ ಕಾರಿಗೆ ಮಿತಿ ಶೇ. 3. ಅಂದರೆ ಹತ್ತು ಪಟ್ಟು. ಉರಿಯದ ಪೆಟ್ರೋಲಿನ ಲೆಕ್ಕದಲ್ಲಿ ಹೊಸದಕ್ಕೆ 200 ಪಿಪಿಎಂ, ನಮ್ಮದಕ್ಕೆ 1500. 2000ಕ್ಕಿಂತ ಹಿಂದಿನ ಬೈಕುಗಳಿಗೆ ಇನ್ನೂ ಧಾರಾಳ: ಶೇ. 4.5 ಮತ್ತು 9000 ಪಿಪಿಎಂ. ಹಳೆ ಡೀಸೆಲ್ ಜೀಪಿನ ಹೊಗೆ 65 ಯೂನಿಟ್‌ವರೆಗೆ ಇರಬಹುದು, ಹೊಸದಕ್ಕೆ 50. ಹಳೆಯವನು ಎಂದು ಸರಕಾರ ನಮಗೆ ಆಗಲೇ ರಿಯಾಯಿತಿ ಕೊಟ್ಟಿದೆ. ಮುದುಕನಿಗೆ ಕೂತು ನಮಾಜ್ ಮಾಡಲು ಅನುಮತಿ ಇದೆ. ಅವನು ನಮಾಜನ್ನೇ ಬಿಡುತ್ತೇನೆಂದು ಅರ್ಜಿ ಹಾಕಿದಂತೆ ಇದೆ ಈ ಮನವಿ.

ಕಾರ್ಬ್ಯುರೇಟರ್ ಕ್ಲೀನ್ ಇದ್ದು, ಪ್ಲಗ್ ಮತ್ತು ಪಾಯಿಂಟ್ ಸರಿಯಿದ್ದು, ಏರ್ ಫಿಲ್ಟರ್ ಬದಲಿಸಿದ್ದರೆ ಪದ್ಮಿನಿಯೂ ಅಂಬಾಸಿಡರೂ ಶೇ. 3ರ ಒಳಗೆ ಆರಾಮವಾಗಿ ಬರುತ್ತವೆ. ಬಾರದಿದ್ದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಆ ಕೆಟ್ಟದ್ದು ನನಗೆ ಗೊತ್ತಾದ ಬಗೆಯನ್ನು ಇಲ್ಲಿ ಹೇಳಲೇಬೇಕು, ನಾಚಿಕೆಯಾದರೂ.

ಐದಾರು ವರ್ಷದ ಹಿಂದೆ ಉಮ್ಮನಿಗೆ ಒಂದು ಆಪರೇಶನ್ ಆಯಿತು. ಕಾಸರಗೋಡಿನ ನಮಗೆ ಆಸ್ಪತ್ರೆ ಎಂದರೆ ಮಂಗಳೂರೇ. ತಿಂಗಳಿಗೊಮ್ಮೆ ಪದ್ಮಿನಿಯಲ್ಲಿ ಕರೆದುಕೊಂಡು ಹೋಗುತ್ತಿದ್ದೆವು. ಹೊಸಂಗಡಿ ದಾಟುವಾಗ ಉಮ್ಮ ಹಣೆ ಒತ್ತಿಕೊಳ್ಳಲು ಶುರು ಮಾಡುತ್ತಿದ್ದರು, ತೊಕ್ಕೊಟ್ಟು ಬರುವಷ್ಟರಲ್ಲಿ ವಾಂತಿ. "ಅವಳಿಗೆ ಕಾರು ಆಗುವುದಿಲ್ಲ" ಎಂದು ಉಪ್ಪ. "ಔಷಧಿಯ ಹೀಟು" ಎಂದು ದೊಡ್ಡಮ್ಮ. ನಾನು ಲಿಂಬೆಹುಳಿ ಕೈಗೆ ಕೊಡುತ್ತಿದ್ದೆ. ಆ ಎರಡು ವರ್ಷವೂ ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಒಂದು ದಿನವೂ ತಪ್ಪದೆ ಚಾಲ್ತಿಯಲ್ಲಿರುವ ಪಿಯುಸಿ ಚೀಟಿ ಇತ್ತು. ಆರು ತಿಂಗಳಿಗೊಮ್ಮೆ ಹೈವೇ ಬದಿಯ ಒಂದು ಸೆಂಟರಿನಲ್ಲಿ ನಿಲ್ಲಿಸಿದರೆ ಹುಡುಗ ನಂಬರ್ ಪ್ಲೇಟಿನ ಫೋಟೋ ತೆಗೆದು, ಒಳಗೆ ಹೋಗಿ ಚೀಟಿ ಪ್ರಿಂಟ್ ಮಾಡಿ ತರುತ್ತಿದ್ದ. ಇಂಜಿನ್ ಆಫ್ ಮಾಡಿದ್ದರೂ ನಡೆಯುತ್ತಿತ್ತು. ಪ್ರೋಬ್ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುವುದನ್ನು ನಾನೇ ಕಂಡಿದ್ದೇನೆ. ಡಿಪ್ಲೊಮಾ ಓದಿದವನು ನಾನು. ಕಂಡೂ ದುಡ್ಡು ಕೊಟ್ಟು ಬಂದಿದ್ದೇನೆ, "ಬೇಗ ಆಯಿತಲ್ಲ" ಎಂದು ಸಂತೋಷಪಟ್ಟಿದ್ದೇನೆ.

ಒಂದು ಸಲ ಆ ಸೆಂಟರ್ ಮುಚ್ಚಿತ್ತು. ಬೇರೊಂದು ಕಡೆ ಹೋದೆ. ಅಲ್ಲಿಯ ಹುಡುಗ ಪ್ರೋಬ್ ಹಾಕಿದ. ಸ್ಕ್ರೀನ್‌ನಲ್ಲಿ ಮೊನಾಕ್ಸೈಡ್ ಶೇ. 5.6. ಫೇಲ್. ನಾನು ಅವನ ಮಿಶಿನಿನ ಮೇಲೆಯೇ ಹರಿಹಾಯ್ದೆ. ಅವನು ಒಂದು ಮಾತೂ ಎದುರಾಡದೆ ಇನ್ನೊಮ್ಮೆ ಹಾಕಿ ತೋರಿಸಿದ. ಮತ್ತೆ ಅದೇ.

ಮನೆಗೆ ಬಂದು ಬಿಚ್ಚಿದೆ. ಚೋಕ್‌ನ ಕೇಬಲ್ ತುಕ್ಕು ಹಿಡಿದು ಫ್ಲ್ಯಾಪ್ ಪೂರ್ತಿ ತೆರೆಯುತ್ತಲೇ ಇರಲಿಲ್ಲ. ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಫ್ಲೋಟ್‌ನ ಸೂಜಿ ಸವೆದಿತ್ತು. ಇಷ್ಟಾದರೆ ಪೆಟ್ರೋಲ್ ನಷ್ಟ ಎಂದು ಬಿಡಬಹುದಿತ್ತು. ಅಡಿಗೆ ನುಗ್ಗಿ ನೋಡಿದಾಗ ಎಕ್ಸಾಸ್ಟ್ ಪೈಪಿನ ಜಾಯಿಂಟ್ ಲೀಕ್, ಅದರ ಮೇಲ್ಗಡೆಯೇ ಫ್ಲೋರ್‌ನ ರಬ್ಬರ್ ಕೊಳೆತು ಬಿದ್ದು ಹೆಬ್ಬೆರಳು ಹೋಗುವಷ್ಟು ತೂತು. ಮ್ಯಾಟ್ ಮುಚ್ಚಿದ್ದರಿಂದ ಯಾರಿಗೂ ಕಂಡಿರಲಿಲ್ಲ. ಉಮ್ಮ ಕೂರುತ್ತಿದ್ದುದು ಆ ಬದಿಯ ಸೀಟಿನಲ್ಲಿ. ಚಳಿಗಾಳಿ ಆಗಬಾರದೆಂದು ಗ್ಲಾಸ್ ಏರಿಸುತ್ತಿದ್ದವನು ನಾನು.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ, ಇವೇ ಅದರ ಮೊದಲ ಲಕ್ಷಣ. ಉಮ್ಮನಿಗೆ ಆಗುತ್ತಿದ್ದುದು ಅದರಿಂದಲೇ ಎಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಆದರೆ ಎಲ್ಲ ಸರಿ ಮಾಡಿ ಮುಂದಿನ ತಿಂಗಳು ಹೊರಟಾಗ ನೇತ್ರಾವತಿ ಸೇತುವೆಯ ಮೇಲೆ ಉಮ್ಮ ಬ್ಯಾಗಿನಿಂದ ಬಿಸ್ಕೀಟ್ ತೆಗೆದು ತಿಂದರು. ಕಾರಿನಲ್ಲಿ ಅವರು ಏನಾದರೂ ತಿಂದದ್ದನ್ನು ನಾನು ಎರಡು ವರ್ಷದಲ್ಲಿ ಕಂಡಿರಲಿಲ್ಲ. ಟೆಸ್ಟ್‌ನಲ್ಲಿ ಶೇ. 1.9 ಬಂತು.

ಈಗ ಹೇಳಿ, ನನಗೆ ವಿನಾಯಿತಿ ಇದ್ದಿದ್ದರೆ ಆ ತೂತು ಎಷ್ಟು ವರ್ಷ ಹಾಗೇ ಇರುತ್ತಿತ್ತು? ಬೋಗಸ್ ಚೀಟಿ ಕೊಟ್ಟ ಸೆಂಟರಿನವನು ನನಗೆ ಕೊಟ್ಟದ್ದು ವಿನಾಯಿತಿಯನ್ನೇ.

ವಿನಾಯಿತಿ ಕೇಳುವವರ ವಾದಗಳು ನನಗೆ ಬಾಯಿಪಾಠ. ಒಂದು, ವಿದೇಶದಲ್ಲಿ ಇದೆ. ಇದೆ, ನಿಜ. ಬ್ರಿಟನ್‌ನಲ್ಲಿ 2018ರಿಂದ ನಲ್ವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡದ ಕಾರುಗಳಿಗೆ ವರ್ಷಾವಧಿ ಟೆಸ್ಟ್ ಇಲ್ಲ. ಆದರೆ ಕ್ಯಾಲಿಫೋರ್ನಿಯಾದ ಕಥೆಯನ್ನೂ ಹೇಳಬೇಕಲ್ಲ. ಅಲ್ಲಿ ಮೊದಲು ಮೂವತ್ತು ವರ್ಷ ದಾಟಿದವಕ್ಕೆಲ್ಲ ಬಿಡುಗಡೆ ಇತ್ತು. ಅದನ್ನು ನಿಲ್ಲಿಸಿ 1975ರ ಮಾಡೆಲ್‌ವರೆಗಿನವಕ್ಕೆ ಮಾತ್ರ ಎಂದು ಗೆರೆ ಎಳೆದರು. 2025ರಲ್ಲಿ ಟಿವಿಯ ಜೇ ಲೆನೊ ಎಂಬ ಕಾರುಪ್ರಿಯ ಬೆನ್ನಿಗೆ ನಿಂತು 35 ವರ್ಷದ ಹವ್ಯಾಸಿ ಕಾರುಗಳಿಗೆ ವಿನಾಯಿತಿ ಕೊಡುವ ಮಸೂದೆ ಬಂತು. ಅಷ್ಟು ದೊಡ್ಡ ಹೆಸರಿದ್ದೂ ಅದು ಆಗಸ್ಟ್‌ನಲ್ಲಿ ಸಮಿತಿಯಲ್ಲೇ ನಿಂತುಹೋಯಿತು. ಆ ಮಸೂದೆಯಲ್ಲೂ ದಿನಬಳಕೆಯ ಗಾಡಿಗೆ ಜಾಗವಿರಲಿಲ್ಲ, ಸಂಗ್ರಾಹಕರ ಇನ್ಶೂರೆನ್ಸ್ ಇರಲೇಬೇಕಿತ್ತು.

ಎರಡು, ನಾವು ಓಡಿಸುವುದೇ ಕಡಿಮೆ. ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಇಟ್ಟವರ ಮಟ್ಟಿಗೆ ಒಪ್ಪುತ್ತೇನೆ. ಅಂಥವರಿಗೆ 2021ರಲ್ಲಿ ಕೇಂದ್ರ ಸರಕಾರ ಬೇರೆಯೇ ದಾರಿ ಮಾಡಿದೆ: ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ವಿಂಟೇಜ್ ನೋಂದಣಿ, ನಂಬರಿನಲ್ಲಿ ವಿಎ ಅಕ್ಷರ, ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ. ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೊರಗೆ ತೆಗೆಯಬಹುದು, ನಿತ್ಯದ ಓಡಾಟಕ್ಕೆ ಇಲ್ಲ. ನಮ್ಮ ಹುಡುಗರಿಗೆ ಇದು ಬೇಡ. ಅವರಿಗೆ ಜುಮಾಕ್ಕೂ ಹೋಗಬೇಕು, ಮದುವೆಗೂ ಹೋಗಬೇಕು, ಬೀಚಿಗೂ ಹೋಗಬೇಕು, ಹೊಗೆ ಮಾತ್ರ ಯಾರೂ ಕೇಳಬಾರದು. ಬೆಳಿಗ್ಗೆ ಮದ್ರಸಕ್ಕೆ ನಡೆದು ಹೋಗುವ ಮಕ್ಕಳು ಇರುವ ಓಣಿಯಲ್ಲಿ ಜೀಪು ನಿಲ್ಲಿಸಿ ಆಕ್ಸಿಲರೇಟರ್ ತುಳಿದು ಕಪ್ಪು ಹೊಗೆ ಬಿಟ್ಟು ನಗುವುದನ್ನು ಕಂಡಿದ್ದೇನೆ. ಆ ಕಿಲೋಮೀಟರಿನ ಲೆಕ್ಕ ಸೊನ್ನೆ, ಗಾಡಿ ನಿಂತಲ್ಲೇ ಇತ್ತು. ಆರ್‌ಎಕ್ಸ್ 100ರ ವಿಷಯ ಹೇಳಿದರೆ ನನಗೆ ಊರಲ್ಲಿ ಗೆಳೆಯರೇ ಉಳಿಯಲಿಕ್ಕಿಲ್ಲ. ಟು ಸ್ಟ್ರೋಕ್ ಇಂಜಿನಿನಲ್ಲಿ ಒಳಗೆ ಬಂದ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಸೈಲೆನ್ಸರಿನ ದಾರಿ ಹಿಡಿಯುತ್ತದೆ, ಜೊತೆಗೆ ಆಯಿಲ್ ಬೇರೆ. ಅದರ ಮೇಲೆ ಸೈಲೆನ್ಸರ್ ಕೊರೆದು ಶಬ್ದ ಮಾಡಿಸುವವನು ಹಳೆ ಗಾಡಿಯ ಪ್ರೇಮಿ ಎಂದು ನಾನು ಒಪ್ಪುವುದಿಲ್ಲ. ಮೂಲ ಪಾರ್ಟ್ ಬಿಸಾಡಿದವನಿಗೆ ಎಂತಹ ಪ್ರೇಮ?

ಪ್ರಾಮಾಣಿಕವಾಗಿ ಇನ್ನೊಂದು ಮಾತು. ಈ ಟೆಸ್ಟ್ ಪರಿಪೂರ್ಣವೇನಲ್ಲ. ನಿಂತ ಗಾಡಿಯ ಲೆಕ್ಕ ಅದು, ಏರು ಹತ್ತುವಾಗಿನದಲ್ಲ. ಟೆಸ್ಟ್‌ಗೆ ಮುಂಚೆ ಸ್ಕ್ರೂ ತಿರುಗಿಸಿ ಮಿಶ್ರಣ ತೆಳು ಮಾಡಿ, ಆದ ಮೇಲೆ ಮೊದಲಿನಂತೆ ಮಾಡುವ ಮೆಕ್ಯಾನಿಕರೂ ಇದ್ದಾರೆ. ಆದರೂ ನಮ್ಮಂಥ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ ಯಾರಾದರೂ ಮೂಗು ಹಿಡಿದು ನೋಡುವುದು ಅದೊಂದೇ.

ಉಪ್ಪನ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ವರ್ಷಕ್ಕೊಮ್ಮೆ ತೂಕ ಅಳತೆ ಇಲಾಖೆಯಿಂದ ಸೀಲ್ ಹಾಕಿಸಲೇಬೇಕು. ಅದಕ್ಕೆ ಮುಂಚೆ ಇದ್ದ ಕಬ್ಬಿಣದ ಬೊಟ್ಟುಗಳಿಗೂ ಎರಡು ವರ್ಷಕ್ಕೊಮ್ಮೆ. "ನಾನು ಮೂವತ್ತು ವರ್ಷದಿಂದ ವ್ಯಾಪಾರ ಮಾಡುವವನು, ನನ್ನ ತಕ್ಕಡಿಗೆ ವಿನಾಯಿತಿ ಕೊಡಿ" ಎಂದು ಉಪ್ಪ ಕೇಳಿದ್ದನ್ನು ನಾನು ಕೇಳಿಲ್ಲ. ಕೇಳಿದರೆ ಗಿರಾಕಿಗಳು ಏನು ತಿಳಿದುಕೊಳ್ಳುತ್ತಿದ್ದರು? ನಾವು ವ್ಯಾಪಾರದ ಜನ. ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಸೂರಾ ಇದೆ, ಅಲ್ ಮುತಫ್ಫಿಫೀನ್. ಅದನ್ನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ನಾವು ಪಕ್ಕದವನ ಮೂಗಿಗೆ ಹೋಗುವುದನ್ನು ಅಳೆಯಬೇಡಿ ಎನ್ನುತ್ತಿದ್ದೇವೆ.

ಸರಕಾರದ ಮೇಲೆ ಜಗಳ ಮಾಡಲು ಕಾರಣ ಇಲ್ಲದಿಲ್ಲ. ಅದು ಬೇರೆಡೆ ಇದೆ. 2025ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹತ್ತು ಸಾವಿರ ರೂಪಾಯಿ ಎಂದಿದೆ, ಬೈಕಿಗೆ ಎರಡು ಸಾವಿರ. ಕೇರಳವೂ ಅದೇ ವರ್ಷದ ಬಜೆಟ್‌ನಲ್ಲಿ ಹದಿನೈದು ವರ್ಷ ದಾಟಿದ ಕಾರುಗಳ ತೆರಿಗೆಯನ್ನು ಶೇ. 50ರಷ್ಟು ಏರಿಸಿತು. ಇದರಲ್ಲಿ ಪೈಪಿನಿಂದ ಏನು ಬರುತ್ತದೆ ಎಂದು ಕೇಳುವವರಿಲ್ಲ, ಹುಟ್ಟಿದ ವರ್ಷ ಮಾತ್ರ ನೋಡುತ್ತಾರೆ. ಮೀನಿನ ಬುಟ್ಟಿ ಸಾಗಿಸುವವನ ಓಮ್ನಿ, ಮಗಳ ಹೆರಿಗೆಗೆ ನಡುರಾತ್ರಿ ಓಡಿದ ಮಾರುತಿ 800, ಇವು ಯಾರ ಹವ್ಯಾಸವೂ ಅಲ್ಲ. ಬೇರೆ ಕೊಳ್ಳಲು ಆಗದ್ದಕ್ಕೆ ಉಳಿಸಿಕೊಂಡದ್ದು. ಉಳ್ಳವನ ಹಳೆಯದು ವಿಂಟೇಜ್, ಇಲ್ಲದವನ ಹಳೆಯದು ಗುಜರಿ. ಟೆಸ್ಟ್‌ನಲ್ಲಿ ಪಾಸಾಗುವ ಗಾಡಿಗೆ ವಯಸ್ಸಿನ ದಂಡ ಯಾಕೆ ಎಂದು ಕೇಳಿ, ನಾನು ಮೊದಲ ಸಹಿ ಹಾಕುತ್ತೇನೆ. ನಂಬರ್ ಪ್ಲೇಟಿನ ಫೋಟೋ ಸಾಲದು, ಪ್ರೋಬ್ ಪೈಪಿನೊಳಗೆ ಇರುವ ಫೋಟೋವೂ ಚೀಟಿಯಲ್ಲಿ ಬರಲಿ ಎಂದು ಕೇಳಿ, ಎರಡನೆಯ ಸಹಿಯೂ ನನ್ನದೇ. ಆದರೆ ಟೆಸ್ಟೇ ಬೇಡ ಎಂದವನಿಗೆ ಈ ಪ್ರಶ್ನೆಯನ್ನು ಕೇಳುವ ಬಾಯಿ ಉಳಿಯುವುದಿಲ್ಲ. ಅಳೆಯಲು ಒಪ್ಪದವನು "ನನ್ನದು ಚೆನ್ನಾಗಿದೆ" ಎಂದು ಯಾವ ಆಧಾರದಲ್ಲಿ ಹೇಳುತ್ತಾನೆ?

ಆ ಹುಡುಗನ ಮನವಿಯ ಒಂದು ಪ್ರತಿ ನನ್ನ ಜೇಬಿನಲ್ಲೇ ಉಳಿದಿತ್ತು. ಅದರ ಹಿಂಬದಿಯಲ್ಲಿ ಮೇಲಿನ ಎರಡು ಬೇಡಿಕೆ ಬರೆದು ಅವನಿಗೆ ವಾಪಸ್ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಭಾನುವಾರ ಅಸರ್ ನಮಾಜಿನ ನಂತರ ನಾನು ಮನೆಯಲ್ಲೇ ಇರುತ್ತೇನೆ. ಅವನೂ, ಸಹಿ ಹಾಕಿದ ಉಳಿದವರೂ ಗಾಡಿ ತರಲಿ. ಕಾರ್ಬ್ಯುರೇಟರ್ ಬಿಚ್ಚಿ ಕೂರೋಣ, ಪೆಟ್ರೋಲಿನಲ್ಲಿ ತೊಳೆಯುವ ಕೆಲಸ ಅವರದು, ಉಮ್ಮನ ಚಾ ಇರುತ್ತದೆ. ಬರುವ ಮೊದಲು ಫ್ಲೋರ್‌ನ ಮ್ಯಾಟ್ ಒಮ್ಮೆ ಎತ್ತಿ ನೋಡಿಕೊಂಡು ಬನ್ನಿ.