ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಡಿ, ಹಿಸ್ಸೆ ಮಾಡಿ

ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷ ಸುರಕ್ಷತಾ ಅಪ್‌ಡೇಟ್, ಅಷ್ಟೇ. ಪೇಟೆಯ ಅಂಗಡಿಗೆ ಹೋದರೆ ಒಂದೇ ಮಾತು: "ಇದು ಹಳೇದಾಯ್ತು, ಹೊಸದು ತಗೊಳ್ಳಿ."

ಇದು ಅರ್ಧ ಸತ್ಯ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಅದಿಲ್ಲದ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಕಂಪನಿ ಕೈಬಿಟ್ಟಿದೆ ಅಷ್ಟೆ. ಎತ್ತು ಗಟ್ಟಿಯಾಗಿರುವಾಗ ನೊಗ ಮುರಿಯಿತೆಂದು ಎತ್ತನ್ನೇ ಮಾರುತ್ತೀರಾ?

ದುಬಾರೆ ಸುತ್ತಿನ ಹಾಡಿಗಳಲ್ಲಿ ಮನೆಗೊಂದು ಲ್ಯಾಪ್‌ಟಾಪ್ ಇಲ್ಲ. ಇರುವುದು ಕಾಲೇಜಿನಲ್ಲಿ ಸಿಕ್ಕಿದ್ದು, ಅಣ್ಣ ಓದಿ ತಂಗಿಗೆ ಬಿಟ್ಟದ್ದು. ಅದನ್ನು ಎಸೆದರೆ ಆ ಹುಡುಗಿಯ ಅರ್ಜಿ, ಪ್ರಾಜೆಕ್ಟ್, ಪರೀಕ್ಷೆಯ ತಯಾರಿ ಎಲ್ಲವೂ ಮತ್ತೆ ಮೊಬೈಲಿನ ಅಂಗೈಯಗಲದ ಪರದೆಗೆ ಬರುತ್ತದೆ.

ದಾರಿ ಇದೆ. ಹಾರ್ಡ್ ಡಿಸ್ಕನ್ನು ಎರಡು ಹಿಸ್ಸೆ ಮಾಡಿ, ಒಂದರಲ್ಲಿ ವಿಂಡೋಸ್ ಇದ್ದಂತೆ ಇರಲಿ, ಇನ್ನೊಂದರಲ್ಲಿ ಲಿನಕ್ಸ್ ಹಾಕಿ. ಆನ್ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಲಿನಕ್ಸ್ ಮಿಂಟ್ 2 ಜಿಬಿ ರ‍್ಯಾಮ್‌ನಲ್ಲೂ ಏಳುತ್ತದೆ, 4 ಜಿಬಿ ಇದ್ದರೆ ಸಲೀಸು. ಕಾಸು ಕೊಡಬೇಕಿಲ್ಲ, ಕದ್ದ ಕಾಪಿಯೂ ಅಲ್ಲ.

"ನುಡಿ ಓಡಲ್ಲವಲ್ಲ?" ಎನ್ನುತ್ತಾರೆ. ನಿಜ, ನುಡಿ ವಿಂಡೋಸ್‌ಗೆಂದು ಮಾಡಿದ್ದು. ಹಳೆಯ ನುಡಿ ಫಾಂಟಿನ ಕಡತ ತೆರೆಯಲು, ವಿಂಡೋಸ್ ಕೇಳುವ ಕಚೇರಿ ಕೆಲಸಕ್ಕೆ ಆ ಹಿಸ್ಸೆಗೆ ಹೋಗಿ. ಅದಕ್ಕೇ ಎರಡೂ ಇರಲಿ ಎನ್ನುವುದು. ಇಂಟರ್‌ನೆಟ್ ನೋಡುವುದು ಲಿನಕ್ಸ್‌ನಲ್ಲಿ ಇರಲಿ. ಯೂನಿಕೋಡ್ ಕನ್ನಡ ಬರೆಯಲು 'ಕಗಪ' ಕೀಲಿಮಣೆ ಲಿನಕ್ಸ್ ಒಳಗೇ ಇದೆ. ನುಡಿ ಕಲಿತ ಬೆರಳು ಹೊಸದಾಗಿ ಕಲಿಯಬೇಕಿಲ್ಲ.

"ಹಳ್ಳಿ ಮಕ್ಕಳಿಗೆ ಇದು ತಿಳಿಯಲ್ಲ" ಎಂಬುದು ಇನ್ನೊಂದು ಮಾತು. ಭಾಗಮಂಡಲ ದಾಟಿ ಕರಿಕೆ ಇಳಿದರೆ ಪಾಣತ್ತೂರು, ಅದು ಕಾಸರಗೋಡು ಜಿಲ್ಲೆ. ಆ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದು ಲಿನಕ್ಸ್‌ನಲ್ಲೇ. ಕೇರಳ ಸರ್ಕಾರ ಸ್ವತಂತ್ರ ತಂತ್ರಾಂಶವನ್ನು ಶಾಲೆಗೆ ತಂದು ವರ್ಷಗಳೇ ಆದವು. ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಗಡಿಯಾಚೆ ತಿಳಿಯುವುದು ಈಚೆ ಯಾಕೆ ತಿಳಿಯುವುದಿಲ್ಲ? ಕಲಿಸುವವರಿಲ್ಲ, ಅಷ್ಟೆ.

ಆದರೆ ಹಿಸ್ಸೆ ಎಂದರೆ ಹುಡುಗಾಟ ಅಲ್ಲ. ಸರ್ವೆ ಮಾಡದೆ ಬೇಲಿ ಹಾಕಿದರೆ ಏನಾಗುತ್ತದೆಂದು ನಮ್ಮ ಊರುಗಳಿಗೆ ಗೊತ್ತು. ಆದ್ದರಿಂದ:

1. ಮೊದಲು ಫೋಟೊ, ಕಡತ ಎಲ್ಲವನ್ನೂ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಡಿ.

2. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಿ. ವೈಫೈ, ಸೌಂಡ್ ಬರುತ್ತದಾ ಎಂದು ತಿಳಿಯುತ್ತದೆ. ಡಿಸ್ಕ್ ಮುಟ್ಟುವುದಿಲ್ಲ.

3. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಸಿ ಡ್ರೈವನ್ನು ಕುಗ್ಗಿಸಿ. 40–50 ಜಿಬಿ ಖಾಲಿ ಬಿಟ್ಟರೆ ಸಾಕು.

4. ಹಳೆಯ ಎಂಬಿಆರ್ ಡಿಸ್ಕ್‌ನಲ್ಲಿ ನಾಲ್ಕೇ ಪ್ರೈಮರಿ ಹಿಸ್ಸೆಗೆ ಜಾಗ. ನಾಲ್ಕೂ ತುಂಬಿದ್ದರೆ ನೀವೇ ಅಳಿಸಲು ಹೋಗಬೇಡಿ, ತಿಳಿದವರನ್ನು ಕೇಳಿ.

5. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಜೊತೆಗೆ ಹಾಕುವ ಆಯ್ಕೆಯನ್ನೇ ಒತ್ತಿ. 'ಎರೇಸ್ ಡಿಸ್ಕ್' ಒತ್ತಿದರೆ ಎಲ್ಲವೂ ಹೋಯಿತು.

6. ಚಾರ್ಜ್ ತುಂಬಿರಲಿ. ಮಧ್ಯದಲ್ಲಿ ಆಫ್ ಆದರೆ ಡಿಸ್ಕಿನಲ್ಲಿದ್ದದ್ದು ಉಳಿಯುವ ಭರವಸೆ ಇಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪಾದರೆ ಕೊಡಗಿನ ಜುಲೈ ಕರೆಂಟ್ ನಂಬಬೇಡಿ, ಯುಪಿಎಸ್ ಇರುವ ಕಡೆ ಕೂತು ಮಾಡಿ.

ಇದಿಷ್ಟನ್ನು ಒಬ್ಬ ಹುಡುಗನಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಹಾಗಿದ್ದ ಮೇಲೆ ಸರ್ಕಾರಿ ಕಾಲೇಜುಗಳು ಯಾಕೆ ಕಲಿಸುತ್ತಿಲ್ಲ? ಪಂಚಾಯಿತಿ ಗ್ರಂಥಾಲಯಕ್ಕೆ ಅರಿವು ಕೇಂದ್ರ ಎಂದು ಹೆಸರಿಟ್ಟರೆ ಸಾಲದು, ಅಲ್ಲಿನ ಕಂಪ್ಯೂಟರಿನಲ್ಲಿ ಈ ಅರಿವೂ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ.

ಅಂಗಡಿಯವರಿಗೂ ಒಂದು ಮಾತು. ಫಾರ್ಮ್ಯಾಟ್ ಮಾಡುವ ಮೊದಲು "ಒಳಗೆ ಏನಿದೆ, ಕಾಪಿ ಇದೆಯಾ?" ಎಂದು ಕೇಳಿ. ಅವರು ಕೇಳದಿದ್ದರೆ ನೀವೇ ಹೇಳಿ: ಪೂರ್ತಿ ಅಳಿಸಬೇಡಿ, ಹಿಸ್ಸೆ ಮಾಡಿ ಕೊಡಿ. ಆಗಲ್ಲ ಎಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ.