ಫೌಂಡ್ರಿಯ ಹಳೆಯ ಮರಳು: ಯಂತ್ರಕ್ಕಿಂತ ಮೊದಲು ಕರಾರು ಬೇಕು

ಮೋರಟಗಿ, ಸಿಂದಗಿ, ಇಂಡಿ ಭಾಗದ ಅಂಗಡಿಗಳಲ್ಲಿ ಮಾರಾಟವಾಗುವ ಪಂಪಿನ ಕವಚ, ಹಿಟ್ಟಿನ ಗಿರಣಿಯ ಬಿಡಿಭಾಗ, ಟ್ರ್ಯಾಕ್ಟರ್ ಸಲಕರಣೆಯ ಎರಕದ ತುಂಡು ಮೊದಲಾದವು ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರ, ಕೊಯಮತ್ತೂರಿನಂತಹ ಊರುಗಳ ಫೌಂಡ್ರಿಗಳಿಂದ ಬರುತ್ತವೆ. ಇವುಗಳ ಬೆಲೆ ಏರಿದಾಗ ವ್ಯಾಪಾರಿಯು ಕಬ್ಬಿಣದ ದರವನ್ನು ಕೇಳುತ್ತಾನೆ. ಉತ್ಪಾದಕನು ಹಂದಿಕಬ್ಬಿಣ, ಗುಜರಿ ಹಾಗೂ ವಿದ್ಯುತ್ತಿನ ದರವನ್ನು ತೋರಿಸುತ್ತಾನೆ. ಮರಳಿನ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಒಂದು ಕಿಲೋ ಎರಕ ಸಿದ್ಧವಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ಕಿಲೋ ಮರಳು ಕೆಲಸ ಮಾಡಬೇಕಾಗುತ್ತದೆ. ತೂಕದಲ್ಲಿ ನೋಡಿದರೆ ಫೌಂಡ್ರಿಯು ಕಬ್ಬಿಣದ ಕಾರ್ಖಾನೆಯಾಗಿರುವುದಕ್ಕಿಂತ ಹೆಚ್ಚಾಗಿ ಮರಳಿನ ಕಾರ್ಖಾನೆಯೇ ಆಗಿದೆ.

ಎರಕದ ಉದ್ಯಮವು ಈ ಸೀಮೆಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲಿನ ತಯಾರಿಕೆಗೆ ಇಳಿದು, 1910ರಲ್ಲಿ ಕುಂಡಲಕ್ಕೆ ತೆರಳಿದ ಇತಿಹಾಸವು ಸರ್ವವಿದಿತ. ಇಂದು ಉದ್ಯಮಬಾಗ, ಮಚ್ಛೆಯಂತಹ ಪ್ರದೇಶಗಳ ಸಣ್ಣ ಘಟಕಗಳು ಪಂಪು, ವಾಹನ ಹಾಗೂ ಹೈಡ್ರಾಲಿಕ್ ಉದ್ಯಮಗಳಿಗೆ ಎರಕಗಳನ್ನು ಪೂರೈಸುತ್ತಿವೆ. ಕುಶಲತೆಯ ಕೊರತೆ ಇಲ್ಲಿಲ್ಲ. ಕೊರತೆ ಇರುವುದು ಮರಳಿನ ಲೆಕ್ಕದಲ್ಲಿ.

ಮರಳು ಕೆಡುವುದು ಹೇಗೆ?

ಹಸಿ ಮರಳಿನ ಅಚ್ಚಿನಲ್ಲಿ ಸಿಲಿಕಾ ಮರಳಿನೊಂದಿಗೆ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ ಮತ್ತು ನೀರು ಬೆರೆತಿರುತ್ತವೆ. ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಕಾವಿನ ದ್ರವ ಕಬ್ಬಿಣವು ಅಚ್ಚನ್ನು ತುಂಬಿದಾಗ, ಲೋಹಕ್ಕೆ ತಾಗಿದ ಪದರದ ಜೇಡಿಯು ಸುಟ್ಟು ತನ್ನ ಅಂಟುಗುಣವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಈ ಸತ್ತ ಜೇಡಿಯು ಮರಳಿನ ಕಣದ ಮೇಲೆ ಪದರ ಕಟ್ಟುತ್ತದೆ. ನುಣುಪು ಧೂಳು ಹೆಚ್ಚುತ್ತದೆ. ಅನಿಲ ಹೊರಹೋಗುವ ದಾರಿ ಮುಚ್ಚುತ್ತದೆ. ಪರಿಣಾಮವಾಗಿ ಎರಕದಲ್ಲಿ ಗಾಳಿಗುಳ್ಳೆ, ಒರಟು ಮೈ ಹಾಗೂ ಮರಳು ಸೇರಿದ ದೋಷಗಳು ಕಾಣಿಸಿಕೊಳ್ಳುತ್ತವೆ. ಅಂದರೆ ಕೆಟ್ಟಿರುವುದು ಕಣದ ಮೇಲಿನ ಹೊದಿಕೆಯೇ ಹೊರತು ಬಹುಮಟ್ಟಿಗೆ ಕಣವಲ್ಲ. ಹೊದಿಕೆಯನ್ನು ತೆಗೆದರೆ ಕಣವು ಮತ್ತೆ ಉಪಯೋಗಕ್ಕೆ ಬರುತ್ತದೆ. ಮರಳಿನ ಪುನಶ್ಚೇತನವೆಂದರೆ ಇಷ್ಟೇ.

ಇದಕ್ಕೆ ಮುಖ್ಯವಾಗಿ ಮೂರು ವಿಧಾನಗಳಿವೆ. ಕಣಗಳನ್ನು ಒಂದಕ್ಕೊಂದು ಉಜ್ಜಿಸಿ ಧೂಳನ್ನು ಹೀರಿ ತೆಗೆಯುವುದು ಯಾಂತ್ರಿಕ ವಿಧಾನ. ಸುಮಾರು 600ರಿಂದ 800 ಡಿಗ್ರಿ ಕಾವಿನಲ್ಲಿ ರಾಳವನ್ನು ಸುಟ್ಟು ತೆಗೆಯುವುದು ಉಷ್ಣ ವಿಧಾನ. ನೀರಿನಲ್ಲಿ ತೊಳೆಯುವುದು ಮೂರನೆಯದು. ನೀರಿನ ಅಭಾವವಿರುವ ಈ ಪ್ರದೇಶಕ್ಕೆ ಅದು ಅಷ್ಟಾಗಿ ಹೊಂದುವುದಿಲ್ಲ.

ಹಳೆಯ ಮರಳಿನಿಂದ ಎರಕ ಕೆಡುತ್ತದೆ ಎಂಬ ಭಯವು ಅನೇಕ ಉದ್ದಿಮೆದಾರರಲ್ಲಿದೆ. ಇದು ಅರ್ಧ ಸತ್ಯ. ಸರಿಯಾಗಿ ಶುದ್ಧಗೊಂಡ ಮರಳಿನ ಕಣದ ಮೂಲೆಗಳು ಸವೆದಿರುವುದರಿಂದ ಅದಕ್ಕೆ ಅಂಟು ಕಡಿಮೆ ಸಾಕಾಗುವುದುಂಟು. ಆದರೆ ಫ್ಯೂರಾನ್ ಮರಳನ್ನು ಅರೆಬರೆ ಶುದ್ಧಗೊಳಿಸಿದರೆ ಆಮ್ಲದ ಗಂಧಕವು ಅದರಲ್ಲಿ ಉಳಿದು, ಎಸ್.ಜಿ. ಐರನ್ ಎರಕದ ಮೇಲ್ಪದರದಲ್ಲಿ ಗ್ರಾಫೈಟಿನ ಗುಂಡು ರೂಪವನ್ನು ಕೆಡಿಸುತ್ತದೆ. ಪರೀಕ್ಷೆಯಿಲ್ಲದ ಮರುಬಳಕೆಯು ಅಪಾಯಕಾರಿ. ಪರೀಕ್ಷೆಯುಳ್ಳ ಮರುಬಳಕೆಯು ಲಾಭಕರ.

ಖರೀದಿ ದರವೊಂದೇ ವೆಚ್ಚವಲ್ಲ

ಹೆಚ್ಚಿನ ಸಣ್ಣ ಘಟಕಗಳ ಖಾತೆ ಪುಸ್ತಕದಲ್ಲಿ ಮರಳು 'ಇತರ ಸಾಮಗ್ರಿ' ಎಂಬ ಶೀರ್ಷಿಕೆಯಡಿ ಅಡಗಿರುತ್ತದೆ. ಸಾಗಾಟವು ಒಂದು ಖಾತೆಯಲ್ಲಿ, ತ್ಯಾಜ್ಯ ಎತ್ತಿಸಿದ ಬಾಡಿಗೆ ಇನ್ನೊಂದರಲ್ಲಿ, ಬೆಂಟೊನೈಟ್ ಮತ್ತೊಂದರಲ್ಲಿ ಇರುತ್ತವೆ. ತಿರಸ್ಕೃತ ಎರಕದ ನಷ್ಟವಂತೂ ಯಾವ ಖಾತೆಯಲ್ಲೂ ಕಾಣುವುದಿಲ್ಲ. ಇವೆಲ್ಲವನ್ನೂ ಒಂದೇ ಪುಟಕ್ಕೆ ತಂದಾಗ ಮಾತ್ರ ಮರಳಿನ ನಿಜವಾದ ವೆಚ್ಚವು ಮಾಲೀಕನಿಗೆ ತಿಳಿಯುತ್ತದೆ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಅಂಕಿಗಳು ಕೇವಲ ಉದಾಹರಣೆಗಾಗಿ. ಪ್ರತಿ ಉದ್ದಿಮೆದಾರನೂ ತನ್ನ ಅಂಕಿಗಳನ್ನು ಹಾಕಿ ನೋಡಬೇಕು. ಒಂದು ಘಟಕವು ತಿಂಗಳಿಗೆ 40 ಟನ್ ಹೊಸ ಮರಳನ್ನು ತರಿಸುತ್ತದೆ, ಅಷ್ಟೇ ಹಳೆಯ ಮರಳನ್ನು ಹೊರಹಾಕುತ್ತದೆ ಎಂದಿಟ್ಟುಕೊಳ್ಳೋಣ. ಸಾಗಾಟ ಸೇರಿ ಟನ್ನಿಗೆ ರೂ. 2,000ದಂತೆ ಖರೀದಿಗೆ ರೂ. 80,000, ವಿಲೇವಾರಿಗೆ ಟನ್ನಿಗೆ ರೂ. 500ರಂತೆ ರೂ. 20,000, ಒಟ್ಟು ರೂ. 1,00,000.

ಈ 40 ಟನ್ ಮರಳನ್ನು ಟನ್ನಿಗೆ ರೂ. 600ರ ನಿರ್ವಹಣಾ ವೆಚ್ಚದಲ್ಲಿ ಶುದ್ಧಗೊಳಿಸಿ 30 ಟನ್ ಮರಳಿ ಪಡೆದರೆ, ವೆಚ್ಚವು ರೂ. 24,000. ಉಳಿದ 10 ಟನ್ ಹೊಸ ಮರಳಿಗೆ ರೂ. 20,000, ಹೊರಹಾಕುವ 10 ಟನ್‌ಗೆ ರೂ. 5,000. ಒಟ್ಟು ರೂ. 49,000. ತಿಂಗಳಿಗೆ ರೂ. 51,000, ವರ್ಷಕ್ಕೆ ರೂ. 6,12,000 ಉಳಿತಾಯ. ಕೇಳಲು ಹಿತವಾಗಿದೆ. ಆದರೆ ಆ ಘಟಕವು ರೂ. 60 ಲಕ್ಷದ ಯಂತ್ರವನ್ನು ಒಂಟಿಯಾಗಿ ಸಾಲದಲ್ಲಿ ಕೊಂಡರೆ, ಶೇಕಡಾ 10ರ ದರದಲ್ಲಿ ಮೊದಲ ವರ್ಷದ ಬಡ್ಡಿಯೇ ರೂ. 6 ಲಕ್ಷ. ಉಳಿಯುವುದು ರೂ. 12,000. ಅಸಲು ಕಟ್ಟಲು ದಾರಿಯಿಲ್ಲ. ಯಂತ್ರವು ದಿನದ ಬಹುಭಾಗ ಖಾಲಿ ನಿಲ್ಲುತ್ತದೆ.

ಅದೇ ಯಂತ್ರವನ್ನು ಇಂತಹ ಹತ್ತು ಘಟಕಗಳು ಸೇರಿ ನಡೆಸಿದರೆ ತಿಂಗಳಿಗೆ 400 ಟನ್ ಮರಳು ಬರುತ್ತದೆ. ನಿರ್ವಹಣೆಯ ರೂ. 600ರ ಮೇಲೆ ಬಂಡವಾಳದ ಬಾಬ್ತು ಟನ್ನಿಗೆ ರೂ. 300 ಸೇರಿಸಿದರೆ ವರ್ಷಕ್ಕೆ ರೂ. 14,40,000 ಸಂಗ್ರಹವಾಗುತ್ತದೆ. ರೂ. 6 ಲಕ್ಷ ಬಡ್ಡಿ ಕಳೆದು ರೂ. 8,40,000 ಅಸಲಿಗೆ ಸಲ್ಲುತ್ತದೆ. ಪ್ರತಿ ಸದಸ್ಯ ಘಟಕಕ್ಕೂ ತಿಂಗಳಿಗೆ ರೂ. 39,000 ಉಳಿಯುತ್ತದೆ. ಆದರೆ ಐದು ಘಟಕಗಳಷ್ಟೇ ಮರಳು ಕಳುಹಿಸಿದರೆ ಸಂಗ್ರಹವು ರೂ. 7,20,000ಕ್ಕೆ ಇಳಿದು, ಬಡ್ಡಿಯನ್ನು ಕಟ್ಟಿ ಅಸಲಿಗೆ ರೂ. 1,20,000 ಮಾತ್ರ ಉಳಿಯುತ್ತದೆ. ಮಾತು ಕೊಟ್ಟು ಮರಳು ಕಳುಹಿಸದ ಐವರಿಂದ ಉಳಿದ ಐವರು ಸಾಲದಲ್ಲಿ ಸಿಲುಕುತ್ತಾರೆ.

ಕರಾರಿನಲ್ಲಿ ಇರಬೇಕಾದ ಅಂಶಗಳು

ಸಾಮೂಹಿಕ ಸೌಲಭ್ಯದ ಕಲ್ಪನೆಯು ಹೊಸದೇನಲ್ಲ. ಕೇಂದ್ರ ಸರ್ಕಾರವು 2003ರಲ್ಲಿ ಆರಂಭಿಸಿದ ಕೈಗಾರಿಕಾ ಮೂಲಸೌಕರ್ಯ ಉನ್ನತೀಕರಣ ಯೋಜನೆಯಡಿ ಆಯ್ಕೆಯಾದ ಸಮೂಹಗಳಲ್ಲಿ ಬೆಳಗಾವಿಯ ಫೌಂಡ್ರಿ ಸಮೂಹವೂ ಒಂದು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಮೂಹ ಅಭಿವೃದ್ಧಿ ಕಾರ್ಯಕ್ರಮದಲ್ಲಿಯೂ ಸಾಮೂಹಿಕ ಸೌಲಭ್ಯ ಕೇಂದ್ರಗಳಿಗೆ ಅನುದಾನದ ಅವಕಾಶವಿದೆ. ಆದರೆ ಅನುದಾನವು ಯಂತ್ರವನ್ನು ತಂದುಕೊಡಬಲ್ಲುದೇ ಹೊರತು ಮರಳನ್ನು ತಂದುಕೊಡಲಾರದು. ಆದುದರಿಂದ ಯಂತ್ರದ ದರಪಟ್ಟಿಯನ್ನು ತರಿಸುವ ಮೊದಲು ಸದಸ್ಯರೊಳಗೆ ಲಿಖಿತ ಕರಾರು ಆಗುವುದು ಅವಶ್ಯ.

ಮೊದಲನೆಯದಾಗಿ, ಕನಿಷ್ಠ ಪ್ರಮಾಣದ ಬದ್ಧತೆ. ಒಪ್ಪಿಕೊಂಡ ಟನ್ನುಗಳಿಗೆ, ಮರಳು ಕಳುಹಿಸಿದರೂ ಕಳುಹಿಸದಿದ್ದರೂ, ಬಂಡವಾಳದ ಬಾಬ್ತಿನ ಶುಲ್ಕವನ್ನು ಕಟ್ಟಬೇಕು.

ಎರಡನೆಯದಾಗಿ, ಮರಳಿನ ವಿಂಗಡಣೆ. ಇದು ಎಲ್ಲಕ್ಕಿಂತ ಕಠಿಣ. ಸೋಡಿಯಂ ಸಿಲಿಕೇಟ್ ಬಳಸಿದ ಸಿ.ಒ.2 ಕೋರಿನ ಮರಳು ಕ್ಷಾರಯುಕ್ತವಾದುದು. ಅದು ಫ್ಯೂರಾನ್ ಮರಳಿನಲ್ಲಿ ಬೆರೆತರೆ ಆಮ್ಲದ ಕೆಲಸವನ್ನೇ ಕೆಡಿಸಿ ಅಚ್ಚು ಗಟ್ಟಿಯಾಗದಂತೆ ಮಾಡುತ್ತದೆ. ಒಂದು ಘಟಕದ ಬೆರಕೆ ಲಾರಿಯಿಂದ ಹತ್ತು ಘಟಕಗಳ ಮರಳು ಹಾಳಾಗಬಹುದು. ಹಸಿ ಮರಳು, ರಾಳದ ಮರಳು, ಸಿಲಿಕೇಟ್ ಮರಳುಗಳಿಗೆ ಪ್ರತ್ಯೇಕ ಗುಂಡಿ, ಲಾರಿ ಬಂದಾಗ ಮಾದರಿಯ ಪರೀಕ್ಷೆ, ಬೆರಕೆ ಕಂಡರೆ ಮರಳಿ ಕಳುಹಿಸುವ ಅಧಿಕಾರ ಇವು ಕರಾರಿನಲ್ಲಿ ಇರಲೇಬೇಕು.

ಮೂರನೆಯದಾಗಿ, ಹಿಂದಿರುಗುವ ಮರಳಿನ ಗುಣಮಟ್ಟ. ಕಣದ ಗಾತ್ರ, ಉಳಿದ ಜೇಡಿ, ಸುಡುವ ಅಂಶ ಇವುಗಳ ಮಿತಿಯನ್ನು ಅಂಕಿಗಳಲ್ಲಿ ನಮೂದಿಸಿ, ಪ್ರತಿ ಲಾರಿಯೊಂದಿಗೆ ಪರೀಕ್ಷಾ ಪತ್ರವನ್ನು ಕೊಡಬೇಕು.

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಮರಳಿನ ಒಡೆತನವು ಸದಸ್ಯನಲ್ಲಿಯೇ ಉಳಿದು ಕೇಂದ್ರವು ಸಂಸ್ಕರಣೆಯನ್ನಷ್ಟೇ ಮಾಡಿದರೆ ಅದು ಜಾಬ್ ವರ್ಕ್ ಆಗುತ್ತದೆ. ಜಿ.ಎಸ್.ಟಿ. ಕಾಯ್ದೆಯ 143ನೇ ಕಲಮಿನಂತೆ ಚಲನ್ ಮೇಲೆ ಹೋದ ಸಾಮಗ್ರಿಯು ಒಂದು ವರ್ಷದೊಳಗೆ ಹಿಂದಿರುಗಿದ ದಾಖಲೆ ಇರಬೇಕು. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಸಾಮಾನ್ಯ ಯಂತ್ರಕ್ಕೆ ಶೇಕಡಾ 15ರ ಸವಕಳಿ ಇದ್ದರೆ, ಘನತ್ಯಾಜ್ಯ ಮರುಬಳಕೆ ವ್ಯವಸ್ಥೆಗಳಿಗೆ ಮೊದಲು ಶೇಕಡಾ 100, 2017-18ನೇ ಹಣಕಾಸು ವರ್ಷದಿಂದ ಶೇಕಡಾ 40ರ ದರವಿತ್ತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ, ಹೊಸ ನಿಯಮಗಳಲ್ಲಿನ ದರವನ್ನು ಖಚಿತಪಡಿಸಿಕೊಂಡೇ ಯಂತ್ರದ ಆದೇಶ ನೀಡುವುದು ಒಳಿತು. ಯಂತ್ರವು ಸಾಮೂಹಿಕ ಸಂಸ್ಥೆಯ ಹೆಸರಿನಲ್ಲಿದ್ದರೆ ಸವಕಳಿಯು ಆ ಸಂಸ್ಥೆಗೇ ಸಲ್ಲುತ್ತದೆ, ಸದಸ್ಯರಿಗಲ್ಲ ಎಂಬುದನ್ನೂ ಮರೆಯಬಾರದು.

ಇಂದೇ ಮಾಡಬಹುದಾದ ಕೆಲಸ

ಸಾಮೂಹಿಕ ಯಂತ್ರ ಬರುವವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಹಿಂದಿರುಗಿದ ಮರಳಿನಿಂದ ಕಬ್ಬಿಣದ ಚೂರುಗಳನ್ನು ಅಯಸ್ಕಾಂತದಿಂದ ತೆಗೆಯುವುದು, ಜರಡಿ ಹಿಡಿಯುವುದು, ಧೂಳನ್ನು ಹೀರಿಸುವುದು ಯಾವ ಘಟಕಕ್ಕೂ ಅಸಾಧ್ಯವಲ್ಲ. 50 ಡಿಗ್ರಿಗಿಂತ ಬಿಸಿಯಾದ ಮರಳಿಗೆ ನೀರು ಹಾಕಿ ಕಲಸಿದರೆ ತೇವವು ನಿಲ್ಲದೆ ಅಚ್ಚು ಉದುರುತ್ತದೆ. ಆದುದರಿಂದ ತಣಿಸುವುದಕ್ಕೆ ಸ್ಥಳ ಮತ್ತು ಸಮಯವನ್ನು ಕೊಡಬೇಕು. ತೇವಾಂಶ, ಅಚ್ಚಿನ ಬಲ ಮತ್ತು ಅನಿಲ ಹಾಯುವಿಕೆಯ ಪರೀಕ್ಷೆಯನ್ನು ಪ್ರತಿದಿನವೂ, ಮೆಥಿಲೀನ್ ಬ್ಲೂ ವಿಧಾನದಿಂದ ಜೀವಂತ ಜೇಡಿಯ ಪರೀಕ್ಷೆಯನ್ನು ನಿಗದಿತ ಅವಧಿಗೊಮ್ಮೆಯೂ ಮಾಡಿದರೆ ಬೆಂಟೊನೈಟನ್ನು ಅಂದಾಜಿನ ಮೇಲೆ ಸುರಿಯುವುದು ತಪ್ಪುತ್ತದೆ.

ಧೂಳಿನ ವಿಷಯವನ್ನು ಲಾಭನಷ್ಟದ ಪಟ್ಟಿಯಿಂದ ಹೊರಗಿಡುವಂತಿಲ್ಲ. ಮರಳನ್ನು ಉಜ್ಜಿಸಿದಾಗ ಏಳುವ ಸೂಕ್ಷ್ಮ ಸಿಲಿಕಾ ಧೂಳು ಕಾರ್ಮಿಕನ ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತರುತ್ತದೆ. ಆ ರೋಗಕ್ಕೆ ಗುಣಪಡಿಸುವ ಔಷಧವಿಲ್ಲ. ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲಿ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿತ್ತು. ಧೂಳು ಹೀರುವ ಸಾಧನವಿಲ್ಲದ ಪುನಶ್ಚೇತನ ಯಂತ್ರವು ಅಗ್ಗವಾಗಿ ಕಂಡರೂ ಅದನ್ನು ಕೊಳ್ಳತಕ್ಕದ್ದಲ್ಲ.

ಹೊಸ ಮರಳು ಸದಾ ಸುಲಭವಾಗಿ ದೊರೆಯುವುದೆಂಬ ನಂಬಿಕೆಯೂ ಸರಿಯಲ್ಲ. 2012ರ ದೀಪಕ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಣ್ಣ ವಿಸ್ತೀರ್ಣದ ಉಪಖನಿಜ ಗಣಿಗಳಿಗೂ ಪರಿಸರ ಅನುಮತಿಯನ್ನು ಕಡ್ಡಾಯಗೊಳಿಸಿತು. 2015ರಲ್ಲಿ ಸಿಲಿಕಾ ಮರಳೂ ಉಪಖನಿಜಗಳ ಪಟ್ಟಿಗೆ ಸೇರಿತು. ಕಟ್ಟಡಕ್ಕೆ ಎಂ-ಸ್ಯಾಂಡ್ ಬದಲಿಯಾಗಿ ದೊರೆಯಿತು. ಆದರೆ ಗ್ರಾನೈಟ್ ಪುಡಿಯು ಕಬ್ಬಿಣದ ಕಾವನ್ನು ತಡೆಯಲಾರದಾದ್ದರಿಂದ ಫೌಂಡ್ರಿಗೆ ಅಂತಹ ಬದಲಿ ಇಲ್ಲ. ಕೈಗಾರಿಕಾ ವಸಾಹತಿನ ಖಾಲಿ ನಿವೇಶನ ಮತ್ತು ನಾಲೆಯ ದಂಡೆಗಳಲ್ಲಿ ಕಪ್ಪು ಮರಳನ್ನು ಸುರಿಯುವ ಪರಿಪಾಠಕ್ಕೂ ಹೆಚ್ಚು ದಿನ ಉಳಿಗಾಲವಿರದು.

ಆದುದರಿಂದ ವಾಣಿಜ್ಯೋದ್ಯಮ ಸಂಸ್ಥೆಗಳು ಮೊದಲು ಮಾಡಬೇಕಾದುದು ಯಂತ್ರ ಪ್ರದರ್ಶನವಲ್ಲ. ಆಸಕ್ತ ಫೌಂಡ್ರಿಗಳಿಂದ ಮೂರು ತಿಂಗಳ ಮರಳಿನ ಲೆಕ್ಕವನ್ನು, ಎಷ್ಟು ಬಂತು, ಎಷ್ಟು ಹೋಯಿತು, ಯಾವ ಜಾತಿಯದು ಎಂಬ ವಿವರಗಳೊಂದಿಗೆ, ತರಿಸಿಕೊಳ್ಳಬೇಕು. ಆ ಲೆಕ್ಕದ ಮೇಲೆ ಕರಾರು, ಕರಾರಿನ ಮೇಲೆ ಯಂತ್ರ ಎಂಬ ಕ್ರಮವನ್ನು ಅನುಸರಿಸಬೇಕು. ಈ ಕ್ರಮ ತಪ್ಪಿದರೆ ಅನುದಾನದ ಯಂತ್ರವೂ ತುಕ್ಕು ಹಿಡಿಯುತ್ತದೆ. ಪಾಲಿಸಿದರೆ ಉಳಿತಾಯವು ಫೌಂಡ್ರಿಯ ಅಂಗಳದಲ್ಲಿ ಆರಂಭವಾಗಿ, ಮೋರಟಗಿಯ ಅಂಗಡಿಯಲ್ಲಿ ಪಂಪು ಕೊಳ್ಳುವ ರೈತನವರೆಗೂ ತಲುಪಲು ಸಾಧ್ಯವಿದೆ.