ಊರು ಮಲಗಿದ ಮೇಲೆ ಹೊರಡುವ ತೊಟ್ಟಿ

ದಕ್ಷಿಣ ಫ್ರಾನ್ಸಿನ ಕದರಾಶ್‌ನಲ್ಲಿ ಹಲವು ರಾಷ್ಟ್ರಗಳು ಕೂಡಿ ‘ಈಟರ್’ ಎಂಬ ಮಹಾಯಂತ್ರವನ್ನು ಕಟ್ಟುತ್ತಿವೆ. ಸೂರ್ಯನೊಳಗೆ ನಡೆಯುವ ಪರಮಾಣು ಸಮ್ಮಿಲನವನ್ನು ಭೂಮಿಯ ಮೇಲೆ ಸಾಧಿಸುವುದು ಇದರ ಉದ್ದೇಶ. ಅಂಥ ಉರಿಗೆ ತಂಪೂ ಅಷ್ಟೇ ಬೇಕಷ್ಟೆ! ಶೀತಕ ಗೋಪುರಗಳ ಹೊಣೆ ಭಾರತದ್ದು. ಯಂತ್ರವನ್ನು ತಣಿಸುವ ನೀರನ್ನು ಬಸಿದಿಡುವ ಉಕ್ಕಿನ ತೊಟ್ಟಿಗಳು ಅಮೆರಿಕದವು; ಸುಮಾರು 10 ಮೀಟರ್ ಎತ್ತರದ ಇವು 2015ರಲ್ಲಿ ಸಮುದ್ರ ದಾಟಿ ಬಂದವು.

ಬಂದರಿನ ಬಳಿಯ ಬೆರ್ ಸರೋವರದ ದಡದಿಂದ ಕದರಾಶ್‌ಗೆ 104 ಕಿಲೋಮೀಟರು ನೆಲದ ದಾರಿ. ತೊಟ್ಟಿಯನ್ನು ಕತ್ತರಿಸಿ ಒಯ್ಯುವಂತಿಲ್ಲ. ಆದುದರಿಂದ ದಾರಿಯನ್ನೇ ತಿದ್ದಲಾಯಿತು: ರಸ್ತೆ ಅಗಲವಾಯಿತು, ಸೇತುವೆಗಳು ಬಲಗೊಂಡವು, ಕೂಡುರಸ್ತೆಗಳ ರೂಪ ಬದಲಾಯಿತು. ಅಂದಹಾಗೆ, ಲ್ಯಾಟಿನ್ ಭಾಷೆಯಲ್ಲಿ ‘ಈಟರ್’ ಎಂದರೆ ದಾರಿ ಎಂದೇ ಅರ್ಥ.

ಸೇತುವೆಯೊಂದು ಕುಸಿದರೆ ವರ್ಷಗಳ ದುಡಿಮೆ ಮಣ್ಣುಪಾಲು. ಅದಕ್ಕೆಂದೇ 2013ರ ಸೆಪ್ಟೆಂಬರಿನಲ್ಲಿ ಕಾಂಕ್ರೀಟು ದಿಮ್ಮಿಗಳನ್ನು ಹೇರಿದ ಸುಮಾರು 800 ಟನ್ ತೂಕದ ವಾಹನವನ್ನು ನಾಲ್ಕು ರಾತ್ರಿ ನಡೆಸಿ ಪರೀಕ್ಷಿಸಿದರು. ಮದುವೆಯ ದಿಬ್ಬಣಕ್ಕೂ ಇಷ್ಟು ಉಪಚಾರವಿರಲಾರದು! ಇಂಥ ಹೊರೆಗಳ ಪಯಣ ರಾತ್ರಿಯಲ್ಲೇ. ಬೆಳಗಾಗುವ ಮೊದಲು ವಾಹನವು ತಂಗುದಾಣ ಸೇರಿ, ಹಗಲಿನ ರಸ್ತೆಯನ್ನು ಊರವರಿಗೆ ಬಿಟ್ಟುಕೊಡುತ್ತದೆ.